ಮೂರನೆಯ ಸಲ ಕೇಳುವವರೆಗೆ

ಹಾಡುವವರಿಗೆ ಶ್ರುತಿ, ತಾಳಕ್ಕಿಂತ ಮೊದಲು ಬೇಕಾದದ್ದು ಬಿಗುಮಾನ ಎಂದು ನಂಬಿ ಬೆಳೆದವಳು ನಾನು. ಮೈಸೂರಿನಲ್ಲಿ ಯಾರ ಮನೆಯ ಅರಿಶಿನ ಕುಂಕುಮಕ್ಕೆ ಹೋದರೂ "ಒಂದು ಹಾಡು ಹೇಳ್ರೀ" ಎನ್ನುತ್ತಿದ್ದರು. "ಅಯ್ಯೋ, ಗಂಟಲು ಸರಿ ಇಲ್ಲಾರೀ" ಎನ್ನುತ್ತಿದ್ದೆ. ಎರಡನೆಯ ಸಲ ಕೇಳಿದರೆ "ಅಭ್ಯಾಸ ತಪ್ಪಿಹೋಗಿದೆ" ಎನ್ನಬೇಕು. ಮೂರನೆಯ ಸಲ ಕೇಳುವಷ್ಟರಲ್ಲಿ ಸೆರಗು ಸರಿಮಾಡಿಕೊಂಡು ಶುರು ಮಾಡಿಯೇ ಆಗಿರುತ್ತಿತ್ತು. ನಿಲ್ಲಿಸುವುದಕ್ಕೂ ಮೂರು ಸಲ ಹೇಳಬೇಕಿತ್ತು ಎಂದು ನಮ್ಮ ಯಜಮಾನರು ಹೇಳುವುದು ಬರೀ ಹೊಟ್ಟೆಕಿಚ್ಚು.

ಬ್ರಿಸ್ಬೇನಿನ ರನ್‌ಕಾರ್ನ್‌ಗೆ ಬಂದ ಮೊದಲ ಯುಗಾದಿಯಲ್ಲಿ ಕನ್ನಡ ಕೂಟದ ಹುಡುಗಿಯೊಬ್ಬಳು "ಆಂಟಿ, ನೀವು ಹಾಡ್ತೀರಂತೆ?" ಎಂದಳು. ಪದ್ಧತಿಯಂತೆ "ಗಂಟಲು ಸರಿ ಇಲ್ಲಮ್ಮ" ಎಂದೆ. "ಓ, ನೋ ವರೀಸ್ ಆಂಟಿ" ಎಂದು, ಪಾಪ, ಬಿಸಿನೀರು ತಂದುಕೊಟ್ಟು ಹೊರಟೇಹೋದಳು! ಮುಂದಿನ ವರ್ಷವೂ ಇದೇ. ಆಮೇಲೆ ಕೇಳುವುದನ್ನೇ ಬಿಟ್ಟರು. ನನ್ನದು ವಾಸಿಯಾಗದ ಗಂಟಲು ಎಂದು ಎಲ್ಲರಿಗೂ ಗೊತ್ತಾಗಿಹೋಗಿತ್ತು. ಹನ್ನೊಂದು ವರ್ಷ ಯಾರ ಮುಂದೆಯೂ ಹಾಡಲಿಲ್ಲ. ಪಾತ್ರೆ ತೊಳೆಯುವಾಗ ಹಾಡು ಗಂಟಲವರೆಗೆ ಬಂದು ವಾಪಸು ಹೋಗುವ ಸಂಕಟವನ್ನು, ಇಲ್ಲಿ ಮೂರು ಸಲ ಕೇಳುವವರೇ ಇಲ್ಲವೆಂಬುದನ್ನು ಮಗಳ ಹತ್ತಿರ ಎಷ್ಟು ಸಲ ಗೊಣಗಿದ್ದೆನೋ. ಅವಳು ಇಯರ್‌ಫೋನ್ ಹಾಕಿಕೊಂಡಿರುತ್ತಿದ್ದಳು.

ಆ ಮಗಳು ಈಗ ಅಡಿಲೇಡಿನಲ್ಲಿ ಓದುತ್ತಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಹೋದ ವಾರ ಒಂದು ಆಲ್ಬಮ್ ಕಳಿಸಿ "ಅಮ್ಮಾ, ಜಸ್ಟ್ ಲಿಸನ್. ನೋ ಕಾಮೆಂಟ್ಸ್" ಎಂದಳು. ಹಾಡಿದವರು ಪರ್ತ್ ಕಡೆಯ ಮೂಲನಿವಾಸಿ ಅಬೊರಿಜಿನಲ್ ಅಜ್ಜಿ, ಎಪ್ಪತ್ತು ದಾಟಿದವರು. ಹಾಡಿದ್ದೆಲ್ಲ ಈಗಿನ ಹುಡುಗ ಹುಡುಗಿಯರ ಹಾಡುಗಳನ್ನು! ಆಫೀಸಿನಿಂದ ಬರುತ್ತಾ ಕಾರಿನಲ್ಲಿ ಹಾಕಿದೆ. ಎರಡನೆಯದು ಎಲ್ಲೋ ಕೇಳಿದಂತಿತ್ತು. ಮಗಳು ಹೈಸ್ಕೂಲಿನಲ್ಲಿದ್ದಾಗ ಬಾಗಿಲು ಹಾಕಿಕೊಂಡು ವರ್ಷವಿಡೀ ಕೇಳಿದ ಹಾಡು; "ಆ ಗಲಾಟೆ ನಿಲ್ಲಿಸೇ" ಎಂದು ನಾನು ಕೂಗಿಕೊಳ್ಳುತ್ತಿದ್ದ ಹಾಡು. ಅಜ್ಜಿ ಅದರ ಡಬಡಬ ಸದ್ದನ್ನೆಲ್ಲ ತೆಗೆದು, ಒಂದೇ ಗಿಟಾರ್ ಇಟ್ಟುಕೊಂಡು, ನಡುವೆ ತಮ್ಮ ಭಾಷೆಯ ಎರಡು ಸಾಲು ಸೇರಿಸಿ ನಿಧಾನವಾಗಿ ಹಾಡಿದ್ದರು. ಧ್ವನಿ ಒಡೆದಿತ್ತು. ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಕೆಮ್ಮಿದ್ದೂ ಕೇಳಿಸಿತು, ಅದನ್ನೂ ತೆಗೆಸಿರಲಿಲ್ಲ. ನಿಜವಾಗಿಯೂ ಗಂಟಲು ಸರಿಯಿಲ್ಲದವರು ಹಾಡುತ್ತಿದ್ದರು. ಗಟ್ಟಿಮುಟ್ಟಾದ ಗಂಟಲಿನ ನಾನು ಸಿಗ್ನಲ್ಲಿನಲ್ಲಿ ಕೂತು ಅಳುತ್ತಿದ್ದೆ. ಅಷ್ಟು ಒಳ್ಳೆಯ ಹಾಡಾಗಿತ್ತು ಅದು. ಈಗ ಬಾಗಿಲು ತಟ್ಟಿ ಒಳಗೆ ಹೋಗಿ ಜೊತೆಗೆ ಕೇಳೋಣವೆಂದರೆ ರೂಮಿನಲ್ಲಿ ಮಗಳೇ ಇಲ್ಲ.

ಮನೆಗೆ ಬಂದವಳೇ ಫೋನ್ ಮಾಡಿದೆ. "ಯು ಸಿಂಗ್ ಇಟ್, ಅಮ್ಮಾ. ಯುವರ್ ವೇ" ಎಂದಳು.

"ಅಯ್ಯೋ, ಗಂಟಲು ಸರಿ ಇಲ್ಲ ಕಣೇ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇಲ್ಲೇ ಬೆಳೆದ ಹುಡುಗಿ, ಇನ್ನೇನು 'ನೋ ವರೀಸ್' ಬಂದೇಬಿಟ್ಟಿತು ಎಂದುಕೊಂಡೆ.

"ದಟ್ಸ್ ಒನ್" ಎಂದಳು. "ಪ್ಲೀಸ್ ಸಿಂಗ್, ಅಮ್ಮಾ."

"ಅಭ್ಯಾಸ ತಪ್ಪಿಹೋಗಿದೆ."

"ದಟ್ಸ್ ಟೂ." ಆಮೇಲೆ ಕನ್ನಡದಲ್ಲೇ ಕೇಳಿದಳು: "ಹಾಡಮ್ಮಾ."

ಹಾಡಿದೆ. ಅರ್ಧ ಪದ ಗೊತ್ತಿರಲಿಲ್ಲ, ಅಲ್ಲೆಲ್ಲ ರಾಗ ಎಳೆದೆ. ಮೇಲಿನ ಸ್ವರಕ್ಕೆ ಮುಂಚೆ ಒಂದು ಸಲ ಕೆಮ್ಮಿಯೂ ಕೆಮ್ಮಿದೆ. ಮುಗಿದ ಮೇಲೆ ಆ ಕಡೆ ಮೂಗು ಸೇದಿದ ಸದ್ದಾಯಿತು. "ಒನ್ ಮೋರ್?" ಎಂದಳು.

"ಸಾಕಮ್ಮ, ಗಂಟಲು ಸರಿ ಇಲ್ಲ" ಎಂದು, ಒಂದು ಬೆರಳು ಮಡಿಸಿ ಕಾಯುತ್ತಾ ಕೂತೆ.