ಮಾಮಾ ಬರೆದ ಮಿತಿಗಳು

ಬಂದ ಗಿರಾಕಿಯನ್ನು ಬಾಗಿಲಿನಿಂದಲೇ ವಾಪಸು ಕಳಿಸುವುದರಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಇಡೀ ಠಾಣೆ ಶಹರದಲ್ಲಿ ಇಲ್ಲ! ಅಂಥವನು ಜೀವಮಾನವೆಲ್ಲ ಹೊಟ್ಟೆ ಹೊರೆದದ್ದು ಮಾರ್ಕೆಟಿಂಗ್‌ನಲ್ಲಿ ಎಂದರೆ ನಂಬುತ್ತೀರಾ? ಅಲ್ಲಿನ ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆಗಳ ಬಡಾವಣೆಯಲ್ಲಿ ರಕ್ತಪರೀಕ್ಷೆಯ ಕಿಟ್ ತಯಾರಿಸುವ ಒಂದು ಕಂಪನಿ. ಅದರ ಬ್ರೋಷರು, ಡಬ್ಬಿಯೊಳಗೆ ಮಡಚಿಡುವ ಮಾಹಿತಿ ಚೀಟಿ, ಎಲ್ಲ ಬರೆಯುವವನು ಮಾಮಾ. ಪರೀಕ್ಷೆ ಎಲ್ಲೆಲ್ಲಿ ತಪ್ಪಬಹುದು ಎಂದು ತಿಳಿಸುವ 'ಮಿತಿಗಳು' ಎಂಬ ಭಾಗ ಆ ಚೀಟಿಯಲ್ಲಿ ಇರಲೇಬೇಕು. ಉಳಿದವರು ಅದನ್ನು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಮೂಲೆಗೆ ತಳ್ಳಿದರೆ, ಮಾಮಾ ಅದನ್ನೇ ಹಬ್ಬದ ಅಡುಗೆಯ ಹಾಗೆ ಅಕ್ಕರೆಯಿಂದ ಮಾಡುತ್ತಿದ್ದ.

ಆಫೀಸಿನ ಚಟ ಆಫೀಸಿನಲ್ಲೇ ಉಳಿಯುತ್ತದೆಯೇ? ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಊಟಕ್ಕೆ ಬಂದರೆ ಅವ್ವ ಕೇಳುತ್ತಿದ್ದಳು.

"ಎಣ್ಣಿಗಾಯಿ ಹೆಂಗಾಗ್ಯಾವೋ ತಮ್ಮಾ?"

"ಛಲೋ ಅನಸ್ತದ ಅಕ್ಕಾ. ಆದ್ರ ನಾ ತಿಂದಿದ್ದು ಎರಡ. ಇನ್ನೆರಡು ಹಾಕು, ಆಮ್ಯಾಲೆ ಖಾತ್ರಿ ಹೇಳ್ತೀನಿ."

ಖಾತ್ರಿಯಾಗುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿತ್ತು!

ಇದನ್ನೆಲ್ಲ ನೋಡಿದ ಮೇಲೂ ಅವ್ವ ನನ್ನ ಮದುವೆಯ ಬಯೋಡೇಟಾ ಬರೆಯಲು ಅವನಿಗೇ ಕೊಟ್ಟಳಲ್ಲ! ಗೋತ್ರ, ನಕ್ಷತ್ರ, ಎತ್ತರ ಎಲ್ಲ ಸರಿಯಾಗಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಮಿತಿಗಳು: ಬೆಳಗಿನ ಚಹಾಕ್ಕೆ ಮೊದಲು ಮಾತನಾಡಿಸಬಾರದು. ರೊಟ್ಟಿ ಬಡಿಯುತ್ತಾಳೆ, ದುಂಡಗಾಗುವ ಖಾತ್ರಿ ಇಲ್ಲ. ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ ಎನ್ನಲು ಪುರಾವೆ ಸಾಲದು.' ನಾವು ನೋಡುವ ಹೊತ್ತಿಗೆ ಪ್ರತಿಗಳು ಕಲ್ಯಾಣದಿಂದ ನೆರೂಳಿನವರೆಗೆ ಊರೂರಿಗೆ ಹಂಚಿಹೋಗಿದ್ದವು. ನಾನು ಮಾಮಾನ ಜೊತೆ ಮಾತು ಬಿಟ್ಟೆ. ಅಷ್ಟರಲ್ಲಿ ನೆರೂಳಿನ ಹುಡುಗನೊಬ್ಬ ಫೋನ್ ಮಾಡಿದ. "ಬಾಕಿ ಬಯೋಡೇಟಾದಾಗೆಲ್ಲ ದೇವತಿಗಳ ಇದ್ರು ನೋಡ್ರಿ. ಮನುಷ್ಯಾರಂಗ ಕಂಡಾಕಿ ಇಕಿ ಒಬ್ಬಾಕೀನ." ಈಗ ನಮ್ಮ ಮನೆಯಲ್ಲಿ ದುಂಡಗೆ ರೊಟ್ಟಿ ಬಡಿಯುವವನು ಅವನೇ.

ಆಮೇಲೆ ಕಂಪನಿಯಲ್ಲಿ ಡೆಂಗ್ಯೂ ಪರೀಕ್ಷೆಯ ಹೊಸ ಕಿಟ್ ಬಂತು. ಮಾಮಾ ಚೀಟಿಯ ಮೊದಲ ಪುಟದಲ್ಲೇ ಚೌಕಟ್ಟು ಹಾಕಿ ಬರೆದ: 'ಜ್ವರದ ಮೊದಲ ದಿನಗಳಲ್ಲಿ ನೆಗೆಟಿವ್ ಬಂದರೆ ಅದನ್ನೇ ನಂಬಿ ಕೂರಬೇಡಿ. ಜ್ವರ ಇಳಿಯದಿದ್ದರೆ ಮತ್ತೆ ಪರೀಕ್ಷಿಸಿ.'

ಸಾಹೇಬರು ಕೆಂಡವಾದರು. "ಅರೇ, ಮಾಲ್ ಬೇಚನಾ ಹೈ ಯಾ ಲೋಗೋಂಕೋ ಡರಾನಾ ಹೈ?" ಮಾಲು ಮಾರಬೇಕೋ, ಜನರನ್ನು ಹೆದರಿಸಬೇಕೋ? ಸಾಲನ್ನು ಹಿಂದಿನ ಪುಟಕ್ಕೆ ತಳ್ಳು, ಇಲ್ಲವೇ ಬಡ್ತಿ ಮರೆತುಬಿಡು ಎಂದರು. ಮಾಮಾ ಬಡ್ತಿ ಮರೆತ! ಸಾಲು ಮೊದಲ ಪುಟದಲ್ಲೇ ಉಳಿಯಿತು, ಮಾಮಾನ ಮೇಜು ಗೋಡೌನಿನ ಪಕ್ಕಕ್ಕೆ ಹೋಯಿತು. "ಒಂದು ಸಾಲಿಗಾಗಿ ಯಾರರ ಹಿಂಗ ಮಾಡ್ತಾರೇನು ಮಾಮಾ?" ಎಂದು ನಾನೂ ಹಂಗಿಸಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಏಕೆಂದರೆ ಮುಂದಿನ ಮಳೆಗಾಲದಲ್ಲಿ ಅವ್ವನಿಗೆ ಜ್ವರ ಬಂತು. ಪಕ್ಕದ ಲ್ಯಾಬಿನಲ್ಲಿ ಡೆಂಗ್ಯೂ ನೆಗೆಟಿವ್ ಎಂದರು, ನಾವು ನೆಮ್ಮದಿಯಾಗಿ ಗಂಜಿ ಕುಡಿಸುತ್ತ ಕೂತೆವು. ಮೂರು ದಿನ ಕಳೆದ ಮೇಲೆ, ಅವ್ವನನ್ನು 'ಕಾಕೂ' ಎಂದು ಕರೆಯುವ ಲ್ಯಾಬಿನವಳೇ ಫೋನ್ ಮಾಡಿ ಮರಾಠಿಯಲ್ಲಿ ಕೇಳಿದಳು: ಕಾಕೂಗೆ ಜ್ವರ ಇಳಿಯಿತೇ? ಇಲ್ಲದಿದ್ದರೆ ಮತ್ತೆ ಕರೆತನ್ನಿ, ಕಿಟ್ಟಿನ ಚೀಟಿಯಲ್ಲಿ ಚೌಕಟ್ಟು ಹಾಕಿ ಬರೆದಿದ್ದಾರೆ. ಎರಡನೆಯ ಸಲ ಪಾಸಿಟಿವ್ ಬಂತು. ಅದೇ ಸಂಜೆ ಅವ್ವನನ್ನು ಆಸ್ಪತ್ರೆಗೆ ಸೇರಿಸಿದೆವು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಅವ್ವ ಕಣ್ಣು ಬಿಟ್ಟು ಮಾತಾಡಿದ ದಿನ ನಾನು ಹೇಳಿದೆ, "ಮಾಮಾ, ನೀ ಬರೆದ ಸಾಲು ಅವ್ವನ್ನ ಉಳಿಸ್ತು."

"ಹಂಗನ್ನಬ್ಯಾಡವಾ. ಒಂದ ಕೇಸು ಪುರಾವಿ ಆಗಂಗಿಲ್ಲ," ಎಂದ. ಕನ್ನಡಕ ಮಾತ್ರ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ.

ಅವ್ವ ಸಣ್ಣ ದನಿಯಲ್ಲಿ ಅಂದಳು, "ಮನಿಗೆ ಹೋಗಿ ಎಣ್ಣಿಗಾಯಿ ಮಾಡ್ತೀನೋ ತಮ್ಮಾ. ಕೈಯಾಗ ಶಕ್ತಿ ಇಲ್ಲ, ಹೆಂಗಾಗ್ತಾವೋ ಏನೋ."

ಮಾಮಾ ಅಕ್ಕನ ಕೈ ಹಿಡಿದುಕೊಂಡ.

"ಛಲೋನ ಆಗ್ತಾವ ಅಕ್ಕಾ," ಎಂದ. "ಖಾತ್ರಿ."