ಬೀಗ ಹಾಕದೆ ಕಾಯುವ ಮನೆ

ತಮಿಳರ ಮಾರ್ಗಳಿ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಕೊಡೈಕಾನಲ್ಲಿನ ಇಳಿಜಾರಿನ ಮನೆಯೊಂದರ ಅಡುಗೆಕೋಣೆಯಲ್ಲಿ ಕೂತು ಈ ಪತ್ರಿಕೆಗೆ ಬರೆಯಲು ಶುರುಮಾಡಿದ್ದೇನೆ. ಒಲೆ ಹೊಗೆಯುತ್ತಿದೆ. ಉರಿಯುತ್ತಿದೆ ಎಂದು ಬರೆದರೆ ನನ್ನ ದಿನಚರಿಗೆ ಮೋಸ ಮಾಡಿದಂತೆ.

ಖಾಲಿ ಮನೆಯನ್ನು ಲೋಕದ ಜನ ಬೀಗ ಹಾಕಿ ಕಾಯುತ್ತಾರೆ. ನಮ್ಮ ದೊಡ್ಡಮ್ಮ ಬೀಗ ತೆಗೆದಿಟ್ಟು ಕಾಯುತ್ತಾರೆ. ಇಂಥವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡಪ್ಪ ಬೆಟ್ಟದ ಕ್ಯಾರೆಟ್ಟು, ಬೆಳ್ಳುಳ್ಳಿ ಕೊಂಡು ಬತ್ತಲಗುಂಡಿನ ಸಂತೆಯಲ್ಲಿ ಮಾರುತ್ತಿದ್ದರು. ಸಂಸಾರ ಕೆಳಗೆ ಬತ್ತಲಗುಂಡಿನಲ್ಲಿ. ಸುಗ್ಗಿಯಲ್ಲಿ ಉಳಿದುಕೊಳ್ಳಲು ಮೇಲೆ ಈ ಎರಡು ಕೋಣೆಯ ಮನೆ. ವಯಸ್ಸಾದಂತೆ ಅವರಿಗೆ ಮರೆವು ಬಂತು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಬೆಟ್ಟಕ್ಕೆ ಹೋಗುತ್ತೇನೆಂದು ಬಸ್ಸು ಹತ್ತಿದರು. ಬಸ್ಸು ಮೇಲೆ ಬಂತು, ದೊಡ್ಡಪ್ಪ ಬರಲಿಲ್ಲ. ಪೊಲೀಸು, ಪೋಸ್ಟರು, ಹರಕೆ ಎಲ್ಲ ಆಯಿತು.

"ಕೀ ಇಲ್ಲೇ ಬಿಟ್ಟೋಗ್ಯಾರೆ," ಅಂದರು ದೊಡ್ಡಮ್ಮ. "ಒಂದಿನ ಆ ಮನೆಗೇ ಬರ್ತಾರೆ. ಬೀಗ ಹಾಕಿದ್ರೆ ಒಳಕ್ಕೆ ಹೆಂಗೆ ಹೋಗ್ತಾರೆ?"

ಹೀಗೆ ಪ್ರತಿ ಸೋಮವಾರ ನನ್ನನ್ನೂ ಕರೆದುಕೊಂಡು ಮೊದಲ ಬಸ್ಸಿಗೆ ಬೆಟ್ಟ ಹತ್ತುವುದು, ಕಸ ಗುಡಿಸಿ ಒಲೆ ಹೊತ್ತಿಸುವುದು, ಡಬ್ಬಿಯಲ್ಲಿ ಚಹಾಪುಡಿ ಸಕ್ಕರೆ ತುಂಬಿಸಿಟ್ಟು ಸಂಜೆಗೆ ಇಳಿಯುವುದು. ಬಾಗಿಲಿಗೆ ಒಂದು ಹಗ್ಗದ ಗಂಟು ಮಾತ್ರ. ಆ ಗಂಟು ಬಿಚ್ಚಲು ನನ್ನ ಅಪ್ಪ ಇನ್ನೂ ಕಲಿತಿಲ್ಲ, ಕೋತಿಗಳು ಮೊದಲ ವಾರವೇ ಕಲಿತವು. ನನ್ನ ದಿನಚರಿಯ ಪ್ರಕಾರ ಈ ವರ್ಷ ಕೋತಿಗಳು ಒಂಬತ್ತು ಸಲ ಬಂದಿವೆ, ನೆಂಟರು ಎರಡು ಸಲ. ಹೆಚ್ಚು ತಿಂದವರು ಯಾರೆಂದು ಬರೆದಿಟ್ಟಿಲ್ಲ.

ಹೋದ ಬೇಸಿಗೆಯಲ್ಲಿ ಪ್ರವಾಸಿಗಳ ಕುಟುಂಬವೊಂದು ತೆರೆದ ಬಾಗಿಲು ನೋಡಿ, ಬಾಡಿಗೆ ಕೋಣೆಯೆಂದುಕೊಂಡು ಚೀಲ ಇಳಿಸಿತು. ಬಿಸಿನೀರು ಬೇಕೆಂದಿತು. ದೊಡ್ಡಮ್ಮ ನೀರಿಟ್ಟು, ಉಪ್ಪಿಟ್ಟಿಗೆ ರವೆ ಹುರಿಯುತ್ತ, ತಮಿಳಿನಲ್ಲಿ ಒಂದೇ ಮಾತು ಹೇಳಿದರು: "ಎಲ್ಲಿ ಬೇಕಾದ್ರೂ ಕೂರಿ ತಂಬಿ, ಆ ಮಂಚ ಮಾತ್ರ ಬೇಡ. ಅಲ್ಲಿ ಯಜಮಾನರಿದ್ದಾರೆ."

ಖಾಲಿ ಮಂಚವನ್ನು ನೋಡಿದ ಕುಟುಂಬ ನೀರು ಕಾಯುವುದರೊಳಗೆ ಜಾಗ ಖಾಲಿಮಾಡಿತು. ಉಪ್ಪಿಟ್ಟನ್ನು ನಾನೇ ತಿಂದೆ.

ಇನ್ನೊಂದು ಸೋಮವಾರ ನಾವು ಬರುವಾಗ ಚಹಾಪುಡಿ ಕಡಿಮೆಯಾಗಿತ್ತು, ಒಲೆಯ ಬೂದಿ ಬೆಚ್ಚಗಿತ್ತು. ನಾನು ಓಡಿ ಹಿತ್ತಲು ನೋಡಿ ಬಂದೆ. ದೊಡ್ಡಮ್ಮ ಮನೆಯೆಲ್ಲ ನೋಡಿದರು. ಕಿಟಕಿಯ ಬಳಿ ತೊಳೆದು ಬೋರಲು ಹಾಕಿದ ಲೋಟವಿತ್ತು. ಅದನ್ನು ಎತ್ತಿ ತಿರುಗಿಸಿ ನೋಡಿದರು.

"ಅವ್ರಲ್ಲ ಕಣ್ಣು," ಅಂದರು, ನನ್ನನ್ನು ಎಂದಿನ ಮುದ್ದಿನ ಹೆಸರಿನಿಂದ ಕರೆದು. "ಅವ್ರು ಜಲ್ಮದಲ್ಲಿ ಲೋಟ ತೊಳೆದವ್ರಲ್ಲ."

ಮಳೆಗೆ ಸಿಕ್ಕ ತೋಟದ ಕೂಲಿಯವರು ಬಂದುಹೋಗಿದ್ದರೆಂದು ಆಮೇಲೆ ತಿಳಿಯಿತು.

ಕಳೆದ ತಿಂಗಳು ತೇವಾರ ಎಂಬ ಊರಿನಿಂದ ದೊಡ್ಡಪ್ಪನ ತಮ್ಮ ಬಂದರು. "ಅತ್ತಿಗೇ, ಅಣ್ಣನ ಜೀವ ಅಲೀಬಾರ್ದು. ತೈ ತಿಂಗಳ ಅಮಾವಾಸ್ಯೆಗೆ ಸುರುಳಿ ತೀರ್ಥದಲ್ಲಿ ಎಳ್ಳುನೀರು ಬಿಟ್ಟುಬಿಡಾನ."

"ಒಲೆ ಹೊತ್ತೋ ಮನೆ ಯಜಮಾನಂಗೆ ಯಾರಾದ್ರೂ ಎಳ್ಳುನೀರು ಬಿಡ್ತಾರಾ?"

ತಮಿಳುನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡದವರಲ್ಲಿ ಇದೊಂದು ನೇಮ. ಯಾರಿಗಾಗಿ ಒಲೆ ಹೊತ್ತಿದೆಯೋ ಅವರಿಗೆ ಅಪರಕರ್ಮವಿಲ್ಲ. ಚಿಕ್ಕಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ಅಳುತ್ತಿದ್ದರೆಂದು ಕಾಣುತ್ತದೆ.

"ಅಮಾವಾಸ್ಯೆ ತನಕ ನೋಡಾನ. ಸುದ್ದಿ ಬರ್ಲಿಲ್ಲಾಂದ್ರೆ ನಾನೇ ಬಂದು ಆ ಒಲೆಗೆ ನೀರು ಹೊಯ್ತೀನಿ."

ಹೋದ ವಾರ ದೊಡ್ಡಮ್ಮ ಬತ್ತಲಗುಂಡಿನ ಬಸ್‌ಸ್ಟ್ಯಾಂಡಿನಲ್ಲಿ ಜಾರಿಬಿದ್ದರು. ಕಾಲಿಗೆ ಪ್ಲಾಸ್ಟರು. ತನ್ನನ್ನು ಕುರ್ಚಿ ಸಮೇತ ಬಸ್ಸಿಗೆ ಏರಿಸಿ ಎಂದರು, ಕಂಡಕ್ಟರು ಒಪ್ಪಲಿಲ್ಲ. ಅದಕ್ಕೆ ಇಂದು ನಾನೊಬ್ಬಳೇ ಬಂದೆ. ಈಗಷ್ಟೇ ಫೋನು ಬಂದಿತ್ತು.

"ಹೊಗೆ ಕೆಳಗಿನ ರಸ್ತೆಗೆ ಕಾಣ್ತದಾ?"

ಇಳಿದು ಹೋಗಿ ನೋಡಿದೆ. "ಕಾಣ್ತದೆ ದೊಡ್ಡಮ್ಮ."

ಸಕ್ಕರೆ ಡಬ್ಬಿ ತುಂಬಿಸಿದೆಯಾ ಎಂದು ಕೇಳಿದರು. ಆಮೇಲೆ, "ಅವ್ರು ಇಲ್ಲ ಅಂತ ನಂಗೂ ಒಂದೊಂದಿನ ಅನ್ನಿಸ್ತದೆ ಕಣ್ಣು. ಅನ್ನಿಸಿದ್ರೂ, ಅದನ್ನ ನಾನು ಹೇಳಬಾರ್ದು, ಅಲ್ವಾ?"

ಒಲೆಗೆ ಇನ್ನೊಂದು ಸೌದೆ ಹಾಕುತ್ತೇನೆಂದು ಹೇಳಿ ಮೇಲೆ ಹತ್ತಿದೆ.

ಓದುವವರಲ್ಲಿ ಒಂದು ಬೇಡಿಕೆ. ಛತ್ರದಲ್ಲೋ, ಗುಡಿಯ ಜಗಲಿಯಲ್ಲೋ, ಆಶ್ರಮದಲ್ಲೋ ಎತ್ತರದ, ಎಡಗಿವಿ ಸೀಳಿದ ಮುದುಕರೊಬ್ಬರು ಕಂಡರೆ ಹೆಸರು ಕೇಳಬೇಡಿ, ಅವರಿಗೆ ನೆನಪಿರಲಾರದು. ಊಟ ಆಯ್ತಾ ಎಂದು ಕನ್ನಡದಲ್ಲಿ ಕೇಳಿ. "ಮೊದ್ಲು ನೀವುಣ್ಣಿ" ಎಂದರೆ ಅವರೇ. ಬರುವ ತಿಂಗಳ ತೈ ಅಮಾವಾಸ್ಯೆಗೆ ಮುಂಚೆ ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ನೀವು ಕಂಡಾಗ ಅವರು ಬದುಕಿಲ್ಲದಿದ್ದರೂ ಬರೆಯಿರಿ, ಆದರೆ ಅದನ್ನು ನನ್ನ ಹೆಸರಿಗೆ ಕಳಿಸಿ, ದೊಡ್ಡಮ್ಮನ ಹೆಸರಿಗೆ ಬೇಡ.