ಆಯೇರಿಯಿಲ್ಲದ ಕುರುಕ್ಷೇತ್ರ

ಬರೆಯುವವರಿಗೆ ತಾಳ್ಮೆ ಹೆಚ್ಚು ಎಂದು ಹೇಳಿದವರು ತಾವು ಬರೆದ ನಾಟಕವನ್ನು ಪರದೆಯ ಸಂದಿಯಿಂದ ನೋಡಿರಲಿಕ್ಕಿಲ್ಲ. ಆ ದಿನ ನನಗಂತೂ ಕೂತರೆ ನಿಲ್ಲಬೇಕು, ನಿಂತರೆ ನೀರು ಕುಡಿಯಬೇಕು, ಕುಡಿದರೆ ಮತ್ತೆಲ್ಲಿಗೋ ಓಡಬೇಕು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಗದ್ದೆಯಲ್ಲಿ ಭತ್ತದ ನಾಟಿ ಹಚ್ಚಿ, ಕೈ ತೊಳೆದು, ಸಿಂಧನೂರಿನ ಬಸ್ಸಿಗೆ ಜೋತುಬಿದ್ದು ಓದಿದ ಡಿಗ್ರಿ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಅಂಥವನು ಮಹಾಭಾರತದ ಕರ್ಣನ ಕಥೆಯನ್ನು ಎರಡು ತಾಸಿನ ನಾಟಕ ಮಾಡಿದ್ದೆ. ನಮ್ಮೂರು ಮುಕ್ಕುಂದದ ಗೆಳೆಯರು ಆಡುವುದು, ಲಿಂಗಸುಗೂರಿನ ಖಾಜಾಸಾಬ ಹಗಲು ಬೆಳಕಿನಲ್ಲೇ ಅದನ್ನು ಕ್ಯಾಮೆರಾದಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುವುದು ಎಂದು ಮಾತಾಗಿತ್ತು. ನನಗಿದ್ದದ್ದು ಒಂದೇ ಚಿಂತೆ: ಆಯೇರಿ.

ನಮ್ಮ ಕಡೆ ಆಟದ ನಡುವೆಯೇ ಪಾತ್ರಧಾರಿಯ ಬೀಗರು, ಗೆಳೆಯರು ರಂಗ ಹತ್ತಿ, ಹಾರ ಹಾಕಿ, ಟವೆಲ್ಲೋ ಅಂಗಿಬಟ್ಟೆಯೋ ಆಯೇರಿ ಮಾಡುತ್ತಾರೆ. ಹಾರ್ಮೋನಿಯಂ ನಿಲ್ಲುತ್ತದೆ. ಕೊಟ್ಟವರ ಹೆಸರು ಮೈಕಿನಲ್ಲಿ ಮೊಳಗುತ್ತದೆ. ಸತ್ತುಬಿದ್ದವನೂ ಎದ್ದು ಕೈಮುಗಿದು ಇಸಕೊಂಡು ಮತ್ತೊಮ್ಮೆ ಸಾಯಬೇಕು. ಊರಿಗೆ ಅದು ಸರಿಯೇ. ಆದರೆ ಈ ವಿಡಿಯೋವನ್ನು ನಾನು ಪಾಠ ಮಾಡುವ ಕಾಲೇಜಿನಲ್ಲಿ ತೋರಿಸಬೇಕಿತ್ತು. ತಾಲೀಮಿನಲ್ಲೇ "ಈ ಸಲ ಆಯೇರಿ ಬಂದ್" ಎಂದುಬಿಟ್ಟೆ.

ಕರ್ಣನ ಪಾತ್ರದ ಹನುಮಂತ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವನು. ಕಿರೀಟ ತೆಗೆದಿಟ್ಟ. "ಸರ, ವಳಕಮದಿನ್ನಿಯಿಂದ ನಮ್ಮ ಮಾವ ಬರಾಕತ್ತಾನ್ರೀ. ಲಗ್ನ ಆದಾಗಿಂದ ಆ ಮನಿಷಾ ನನಗ ಒಂದು ಕರ್ಚೀಪು ಕೊಟ್ಟಿಲ್ಲ. ಈಗ ಮಂದ್ಯಾಗ ಕೈಗೆ ಸಿಕ್ಕಾನ, ನೀವು ಬ್ಯಾಡ ಅಂತೀರಲ್ಲ!"

"ಕರ್ಣ ಕೊಡಾಂವಪಾ, ಇಸ್ಕೊಳ್ಳಾಂವಲ್ಲ."

"ಹಂಗಾರ ನೀವಽ ಮಾಡ್ರಿ ಕರ್ಣನ್ನ."

ಖಾಜಾಸಾಬ ನಡುವೆ ಬಂದ. "ಫಿಕರ್ ಬ್ಯಾಡ್ರಿ ಸರ್. ಯಾರರ ಹತ್ತಿದ್ರ ಆಮ್ಯಾಲೆ ಕತ್ತರಿಸ್ತೀನಿ." ನಾನು ಬಗ್ಗಲಿಲ್ಲ. ಹನುಮಂತ ಗೊಣಗುತ್ತ ಕಿರೀಟ ಹಾಕಿಕೊಂಡ.

ಆಟದ ದಿನ ಮಾವ ತೊಡೆಯ ಮೇಲೆ ಪೊಟ್ಟಣ ಇಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ರಥದ ಗಾಲಿ ಎತ್ತುವ ಕರ್ಣನ ಕಣ್ಣು ಗಾಲಿಯ ಮೇಲಿಲ್ಲ, ಪೊಟ್ಟಣದ ಮೇಲೆ. ಯಾರೂ ರಂಗ ಹತ್ತಲಿಲ್ಲ. ನಾನು ಹಿಗ್ಗಬೇಕಿತ್ತು. ಆದರೆ ಜನ ಪರೀಕ್ಷೆ ಬರೆಯುವವರಂತೆ ಬಿಗಿದು ಕೂತಿದ್ದರು. ಮೈಕಿನಲ್ಲಿ ಯಾರ ಹೆಸರೂ ಇಲ್ಲ, ನನ್ನದಂತೂ ಮೊದಲೇ ಇಲ್ಲ. ಪರದೆಯ ಹಿಂದೆ ಮತ್ತೆ ನೀರು ಕುಡಿದೆ.

ಕರ್ಣನ ಎದೆಗೆ ಬಾಣ ನೆಟ್ಟಿತು. ಅದೇ ಹೊತ್ತಿಗೆ ಪಕ್ಕದ ಮೆಟ್ಟಿಲಿನಿಂದ ಕೆಂಪು ಟವೆಲ್ ಹಿಡಿದು ಹತ್ತಿದವಳು ನಮ್ಮವ್ವ. ಸಾಯುತ್ತಿದ್ದ ಕರ್ಣನನ್ನು ಸುತ್ತುಹಾಕಿ ನೇರ ಪರದೆಯ ಹಿಂದೆ ಬಂದು, ನನ್ನ ರಟ್ಟೆ ಹಿಡಿದು ಎಳೆದಳು.

"ಬೇ, ಆಟ ನಡದೈತಿ!"

"ನಡೀಲಿ. ಎಲ್ಲಾ ಬರ್ದಾಂವ ನೀ, ಒಳಗ ಕಳ್ಳನಂಗ ನಿಂತಿಯಲ್ಲ. ಬಾರಲೇ ಮುಂದ, ಮಂದಿ ನೋಡ್ಲಿ!"

ರಂಗದ ನಡುವೆ ಟವೆಲ್ ನನ್ನ ಹೆಗಲಿಗೆ ಬಿತ್ತು. ಹಾರ್ಮೋನಿಯಂ ರೂಢಿಯಂತೆ ತಾನಾಗಿ ನಿಂತಿತು. ಮೈಕಿನಲ್ಲಿ ನನ್ನ ಹೆಸರು, ಡಿಗ್ರಿ ಸಮೇತ. ಕರ್ಣ ಬಾಣವಿದ್ದಂತೆಯೇ ಎದ್ದು ಕೂತು ಕೂಗಿದ: "ಮಾವಾರ, ಬರ್ರೀ ಲಗೂನ! ಆಯೇರಿ ಬಂದ್ ಮುಗೀತು!"

ವಾರದ ಮೇಲೆ ಖಾಜಾಸಾಬ ಫೋನ್ ಮಾಡಿದ. "ಸರ್, ಅವ್ವಾರು ಬಂದದ್ದು ಕತ್ತರಿಸ್ಲ್ಯಾ?"

ಕಥೆಯ ಓಟ, ರಸಭಂಗ ಎಂದೆಲ್ಲ ಹೇಳಲು ಬಾಯಿ ತೆರೆದೆ. "ಇರಲಿ ಬಿಡಪಾ," ಎಂಬುದಷ್ಟೇ ಹೊರಬಂತು. "ಮಾವಂದೂ ಇರಲಿ."

ಕಾಲೇಜಿನಲ್ಲಿ ವಿಡಿಯೋ ನೋಡಿದ ಸಹೋದ್ಯೋಗಿಯೊಬ್ಬರು, ಕರ್ಣ ಸಾಯುವ ದೃಶ್ಯ ವಿಪರೀತ ಉದ್ದವಾಯಿತು ಎಂದರು. ಅವರಿಗೆ ಸರಿಯಾಗಿ ಕಂಡಿರಲಿಕ್ಕಿಲ್ಲವೆಂದು ಆ ಭಾಗವನ್ನಷ್ಟೇ ಇನ್ನೊಮ್ಮೆ ಹಾಕಿ ತೋರಿಸಿದೆ.